ಉದ್ಯೋಗ: ಏನೂ ಇಲ್ಲ

ಎಂಬತ್ತರ ದಶಕದ ಮಾತು. ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಇಳಕಲ್ಲಿನ ನೇಕಾರರ ಮನೆಗಳ ಮೇಲೆ ಮಹಾಪ್ರಬಂಧ ಬರೆದು ಮುಗಿಸಿದ್ದೆ. ಐದು ವರ್ಷದ ದುಡಿತ. ನನ್ನ ಕೆಲಸ ಕಾಯಂ ಆಗುವುದು ಆ ಪದವಿಯ ಮೇಲೆಯೇ ನಿಂತಿತ್ತು. ಧಾರವಾಡದಲ್ಲಿ ಮೌಖಿಕ ಪರೀಕ್ಷೆಗೆ ಎಂಟು ದಿನ ಉಳಿದಾಗ ಬಾಯಿ ತೆರೆದರೆ ಮೊದಲ ವಾಕ್ಯವೇ ಮರೆತುಹೋಗತೊಡಗಿತು. ಮಾರ್ಗದರ್ಶಕರು ಒಂದು ಉಪಾಯ ಹೇಳಿದರು: ಏನೂ ಓದದವರ ಮುಂದೆ ಕೂತು ಪ್ರಬಂಧ ವಿವರಿಸು, ಅವರಿಗೆ ತಿಳಿದರೆ ಯಾರಿಗೂ ಅಂಜಬೇಕಾಗಿಲ್ಲ.

ಏನೂ ಓದದವರು ಎಂದೊಡನೆ ನೆನಪಾದವಳು ಇಳಕಲ್ಲಿನ ಚಿಗವ್ವ, ನನ್ನ ತಾಯಿಯ ತಂಗಿ. ಹಾಗೆ ನೆನಪಾದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ರವಿವಾರ ಮುಂಜಾನೆ ಬಸ್ಸು ಹತ್ತಿ, ಕಮತಗಿ ದಾಟುವವರೆಗೂ ಮೊದಲ ಅಧ್ಯಾಯ ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕೂತ ಮುದುಕಿ ಅದೇನೋ ಸ್ತೋತ್ರವೆಂದು ತಿಳಿದು ಎರಡು ಸಲ ಕೈಮುಗಿದಳು.

ಚಿಗವ್ವ ಗಂಡನ ಮಗ್ಗದ ಮುಂದೆ ಕೂತು ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಉದ್ದೆಳೆ ಬೇರೆ, ಸೆರಗಿನ ರೇಷ್ಮೆಯ ಉದ್ದೆಳೆ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸಿ, ಎಳೆಗೆ ಎಳೆ ಜೋಡಿಸುವುದೇ ಕೊಂಡಿ. ಪ್ರತಿ ಸೀರೆಗೂ ಅದಾಗಬೇಕು, ಆಗದಿದ್ದರೆ ಸೆರಗೇ ಇಲ್ಲ.

ಅವಳು ಕೈ ನಿಲ್ಲಿಸದೆ ಕೇಳಿದಳು, ನಾನು ಹುರುಪಿನಿಂದ ಹೇಳಿದೆ. ಮನೆಮನೆಗೆ ಹೋಗಿ ಫಾರ್ಮು ತುಂಬಿದ್ದು, ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಉದ್ಯೋಗವೇ ಇಲ್ಲವೆಂದು ಗೊತ್ತಾಗಿದ್ದು, ಎಲ್ಲ.

‘ನಂದೂ ತುಂಬಿದ್ಯಲ್ಲ, ಏನ್ ಬರದಿ?’ ಎಂದಳು.

‘ನೀ ಹೇಳಿದ್ದ ಬರದೇನಿ. ಏನೂ ಇಲ್ಲ, ಮನ್ಯಾಗ ಇರ್ತೇನಿ ಅಂದಿದ್ದಿ.’

ಅವಳು ಇನ್ನೊಂದು ಎಳೆ ಸಿಕ್ಕಿಸಿದಳು. ‘ಖರೆ, ನಾನ ಅಂದಿದ್ದೆ. ಆದ್ರ ನೀ ಕೇಳೂ ಮುಂದ ನನ್ನ ಕೈಯಾಗ ಏನಿತ್ತು, ನೋಡಲಿಲ್ಲೇನು?’

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಬೇಕಾಗಿತ್ತು. ಮೊದಲು ಸಿಟ್ಟು ಬಂದದ್ದು ಅವಳ ಮೇಲೆಯೇ, ಅಂದೇ ಸರಿಯಾಗಿ ಹೇಳಬಾರದಿತ್ತೇ ಎಂದು. ತಿರುಗಿ ಬರುವಾಗ ಬಸ್ಸು ಹುನಗುಂದ ಮುಟ್ಟುವಷ್ಟರಲ್ಲಿ ಆ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತ್ತು. ಓಣಿಯ ತುಂಬ ಹೆಂಗಸರು ಕೈಯಲ್ಲಿ ಎಳೆ ಹಿಡಿದುಕೊಂಡೇ ಹೀಗೇ ಹೇಳಿದ್ದರು. ನಾನು ತಲೆ ತಗ್ಗಿಸಿ ಹೀಗೇ ಬರೆದುಕೊಂಡಿದ್ದೆ.

ಮಾರ್ಗದರ್ಶಕರಿಗೆ ಹೇಳಿದೆ. ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯಬೇಡ, ಪರೀಕ್ಷಕರಿಗೆ ಅದು ಕಾಣುವುದಿಲ್ಲ ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಅವರ ಮಾತು ನಿಜವೂ ಆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಎಲ್ಲ ಕೇಳಿದರು, ಅದೊಂದನ್ನು ಬಿಟ್ಟು. ಕೊನೆಗೆ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿ ಪೆನ್ನಿನ ಕ್ಯಾಪು ಮುಚ್ಚಿದರು.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಹಾಳು ಬಾಯಿ, ಇದೆ ಎಂದಿತು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಆ ಅಧ್ಯಾಯ ಮತ್ತೆ ಬರೆದುಕೊಂಡು ಬನ್ನಿ ಎಂದರು. ಪದವಿ ಒಂದು ವರ್ಷ ಮುಂದಕ್ಕೆ ಹೋಯಿತು, ಅದರೊಂದಿಗೆ ಕೆಲಸ ಕಾಯಂ ಆಗುವುದೂ. ಮಾರ್ಗದರ್ಶಕರು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದು, ಚಹಾ ಕುಡಿಸಿ ಕಳಿಸಿದರು.

ಹೊಸ ಫಾರ್ಮುಗಳೊಂದಿಗೆ ಮೊದಲು ಹೋದದ್ದು ಚಿಗವ್ವನ ಮನೆಗೆ. ಆದದ್ದು ಕೇಳಿ ಅವಳಿಗೆ ಸಂಕಟವಾಯಿತು. ನನ್ನ ಸಲುವಾಗಿ ನಿನ್ನ ಅನ್ನಕ್ಕೆ ಕಲ್ಲು ಹಾಕಿಕೊಂಡೆಯಲ್ಲ ಎಂದು ಬೈದಳು, ಬೈಯುತ್ತಲೇ ಮಗ್ಗದ ಮುಂದೆ ಕೂತಳು. ನಾನು ಫಾರ್ಮು ಬಿಡಿಸಿ ಅದೇ ಹಳೆಯ ಪ್ರಶ್ನೆ ಕೇಳಿದೆ, ಏನು ಕೆಲಸ ಮಾಡುತ್ತೀ ಎಂದು.

‘ಏನೂ ಇಲ್ಲ, ಮನ್ಯಾಗ...’ ಎಂದವಳು ಅಲ್ಲಿಗೇ ನಿಂತಳು.

ಈ ಸಲ ನಾನು ಬರೆಯಲಿಲ್ಲ, ಅವಳ ಬೆರಳುಗಳನ್ನೇ ನೋಡುತ್ತ ಕೂತೆ. ಅವಳೂ ನೋಡಿಕೊಂಡಳು. ಎಳೆಗಳ ಮೇಲೆ ಆ ಬೆರಳುಗಳು ಮೊದಲ ಸಲ ನಿಂತಿದ್ದವು.

‘ಬರಿ,’ ಎಂದಳು, ‘ಎಂಟು ವರ್ಷದಾಕಿ ಇದ್ದಾಗಿಂದ ಕೊಂಡಿ ಹಾಕ್ತೇನಿ.’