ಸೋಮವಾರದ ಗುಳಿಗೆ

ಶ್ರಾವಣದ ಮಂಗಳವಾರ ಬೆಳಿಗ್ಗೆ ಸಗರದ ನಮ್ಮ ಹೊಲದಲ್ಲಿ ತಮ್ಮ ಶಿವಪ್ಪ ಬಿದ್ದ. ಭತ್ತಕ್ಕೆ ಕಾಲುವೆಯ ನೀರು ತಿರುಗಿಸುತ್ತಿದ್ದ. ಸಲಿಕೆ ಕೈಜಾರಿತು. ದೇಹ ಸೆಟೆಯಿತು. ಮುಖ ಕೆಸರುನೀರಿಗೆ ಹೋಯಿತು, ಕೈಕಾಲು ಬಡಿದುಕೊಳ್ಳತೊಡಗಿದವು.

ನಾನು ಬದುವಿನ ಮೇಲಿದ್ದೆ. ಕದಲಲಿಲ್ಲ.

ಅವನನ್ನು ಎತ್ತಿ ಮಗ್ಗುಲಿಗೆ ಹೊರಳಿಸಿದವಳು ಅವನ ಹೆಂಡತಿ ನೀಲಮ್ಮ. "ಗಾಳಿ ಬಡದದ, ಕೈಯಾಗ ಕಬ್ಬಿಣ ಹಿಡಸ್ರಿ" ಎಂದು ನಾನು ಕೂಗಿದೆ.

"ಗಾಳಿ ಅಲ್ರಿ ಅಕ್ಕಾರ, ಫಿಟ್ಸ್ ಬಂದಾವು. ಗಾಡಿ ತರಸ್ರಿ."

ಶಿವಪ್ಪನಿಗೆ ಬಹಳ ವರ್ಷಗಳಿಂದ ಕಿವಿಯಲ್ಲಿ ಯಾರೋ ಬೈಯುವ ಧ್ವನಿ ಕೇಳುತ್ತಿತ್ತು. ಬೇರೆ ಔಷಧಗಳಿಂದ ಗುಣ ಕಾಣಲಿಲ್ಲ. ಯಾದಗಿರಿಯ ಡಾಕ್ಟರು ಪದೇಪದೇ ಬ್ಲಡ್ ಟೆಸ್ಟ್ ಮಾಡಿಸುತ್ತ, ನಿಧಾನವಾಗಿ ಡೋಸ್ ಏರಿಸುತ್ತ ಕ್ಲೋಜಪಿನ್ ಕೊಟ್ಟ ಮೇಲೆಯೇ ಅವನು ಮತ್ತೆ ಹೊಲ ಹಿಡಿದದ್ದು. ಆ ಗುಳಿಗೆಗಳು ನನ್ನ ವಶದಲ್ಲಿದ್ದವು. ಮದುವೆಯಾದ ವರ್ಷ ನೀಲಮ್ಮ ಸುರಪುರದ ತನ್ನ ತವರಿನವರೆದುರು, "ಹುಚ್ಚ ಅಂತ ಹೇಳಲಾರದ ಕಟ್ಟ್ಯಾರ" ಎಂದಿದ್ದಳು. ಅಂಥ ಮಾತು ಆಡಿದವಳ ಕೈಗೆ ನನ್ನ ತಮ್ಮನ ಔಷಧ ಕೊಡುವುದು ನನ್ನಿಂದಾಗಲಿಲ್ಲ.

ಶ್ರಾವಣ ಸೋಮವಾರ ನಮ್ಮಲ್ಲಿ ನಿರಾಹಾರ. ಗುಳಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ. ಊಟವಿಲ್ಲದ ದಿನ ಅದೂ ಇಲ್ಲ ಎಂದು ನಾನೇ ತೀರ್ಮಾನಿಸಿದೆ. ಒಂದು ದಿನ ತಪ್ಪಿದ ಪೂಜೆಯನ್ನು ಮರುದಿನದ ಪೂಜೆಯೊಂದಿಗೆ ಸೇರಿಸಿ ಮುಗಿಸುವುದು ನಮ್ಮ ಮನೆಯ ಪದ್ಧತಿ. ಅದರಂತೆ ಮಂಗಳವಾರ ಬೆಳಿಗ್ಗೆ ರೊಟ್ಟಿಯ ಮೇಲೆ, ಸೋಮವಾರದ ಎರಡನ್ನೂ ಆ ಹೊತ್ತಿನ ಗುಳಿಗೆಯೊಡನೆ ಕೊಟ್ಟೆ. "ಡಾಕ್ಟರಿಗೆ ಒಂದ್ ಮಾತು ಕೇಳೂನ್ರಿ" ಎಂದಿದ್ದಳು ನೀಲಮ್ಮ. "ನಿಮ್ಮ ಸುರಪುರದಾಗ ಕೇಳ್ಕೋ ಹೋಗು" ಎಂದಿದ್ದೆ.

ಯಾದಗಿರಿಯಲ್ಲಿ ಡಾಕ್ಟರು ಹಿರಿಯಳಾದ ನನ್ನನ್ನು ಬಿಟ್ಟು ನೀಲಮ್ಮನನ್ನು ಕೇಳಿದರು: "ಗುಳಗಿ ಹ್ಯಾಂಗ ಕೊಡಾಕತ್ತೀರಿ?"

"ನಾ ಕೊಡ್ತೀನ್ರಿ. ಒಂದೂ ಉಳಿಸಿಲ್ಲ" ಎಂದು ನಾನೇ ಮುಂದೆ ಬಂದು, ಸೋಮವಾರದ ಕ್ರಮವನ್ನು ವಿವರಿಸಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಇದು ಪೂಜಿ ಅಲ್ರಿ ಅಮ್ಮಾ. ಈ ಗುಳಗಿಗೆ ಫಿಟ್ಸ್ ತರೂ ಅಪಾಯ ಮದಲ ಅದ, ಡೋಸ್ ಏರಿದಂಗ ಅದೂ ಏರ್ತದ. ತಪ್ಪಿದ್ದಕ್ಕ ಕೂಡಿಸಿ ಕೊಡಬಾರದು, ನಮಗ ಕೇಳಬೇಕು."

ಫಿಟ್ಸ್ ಬರಬಹುದೆಂದು ಮೊದಲೇ ನಮಗೆ ಯಾರೂ ಹೇಳಿರಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ, ಇಂದಿಗೂ ಇದೆ. ಆದರೆ ಕೇಳೋಣವೆಂದವಳ ಬಾಯಿ ಮುಚ್ಚಿಸಿದವಳು ನಾನು. ವಾರ್ಡಿನ ಮಂಚದ ಪಕ್ಕ ಕುಳಿತಾಗ, ಕಚ್ಚಿಕೊಂಡು ಬಾತಿದ್ದ ಅವನ ನಾಲಿಗೆಯನ್ನು ನೋಡುವುದಾಗುತ್ತಿರಲಿಲ್ಲ.

ಡೋಸ್ ಇಳಿಸಿದರು. ಫಿಟ್ಸ್ ತಡೆಯಲು ಇನ್ನೊಂದು ಔಷಧ ಕೂಡಿಸಿದರು. ಒಬ್ಬನೇ ಕಾಲುವೆಗೆ ಹೋಗಕೂಡದೆಂದರು. ಕ್ಲೋಜಪಿನ್ ಮಾತ್ರ ನಿಲ್ಲಿಸಬಾರದೆಂದರು.

ಮನೆಗೆ ಬಂದ ದಿನವೇ ಶಿವಪ್ಪ ಅದನ್ನು ದೂಡಿದ. "ಈ ಗುಳಗಿನ ನನ್ನ ಕೆಡವ್ಯಾದ. ಒಲ್ಲೆ."

ಬಿಟ್ಟರೆ ಆ ಧ್ವನಿಗಳು ಮರಳುತ್ತವೆ. ನೀಲಮ್ಮ ಅಲ್ಲೇ ಕುಳಿತು ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವಳ ಕಿವಿಗೆ ಬೀಳುವಂತೆ ಈ ಮಾತು ಆಡುವುದಕ್ಕಿಂತ ಕಷ್ಟದ್ದನ್ನು ನಾನು ಮಾಡಿಲ್ಲ.

"ಗುಳಗಿ ಕೆಡವಿಲ್ಲೋ ತಮ್ಮಾ, ನಾ ಕೆಡವೀನಿ. ಮೂರೂ ಕೂಡಿಸಿ ಕೊಟ್ಟೆ."

"ಒಮ್ಮೆಕ್ಕ?"

"ಹೂಂ. ಒಮ್ಮೆಕ್ಕ."

ನಾನು ನೀಲಮ್ಮನ ಮಾತಿಗೆ ಕಾದೆ.

"ಇಷ್ಟು ಹೇಳಾಕ ಆಸ್ಪತ್ರಿ ಸುತ್ತಿ ಬರಬೇಕಾತು ನೋಡ್ರಿ ಅಕ್ಕಾರ" ಎಂದಳು ತಲೆಯೆತ್ತದೆ. "ಇರ್ಲಿ. ಮದಲ ರೊಟ್ಟಿ ತಿನ್ನಸೂನು."

ಈ ಮಾತನ್ನೂ ನಾನು ಮರೆಯುವವಳಲ್ಲ. ಆದರೆ ಇದಕ್ಕೆ ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಗುಳಿಗೆಗಳನ್ನು ತಂದು ಅವಳ ಮಡಿಲಿಗೆ ಹಾಕಿದೆ.

ರೊಟ್ಟಿ ಮುಗಿಸಿ ಶಿವಪ್ಪ ಹೆಂಡತಿಯತ್ತ ಕೈಚಾಚಿದ. ಅವಳು ಒಂದೇ ಗುಳಿಗೆ ಇಟ್ಟಳು. ಅವನು ಅದನ್ನು ಹೊರಳಿಸಿ ನೋಡಿ ಬಾಯಿಗೆ ಹಾಕಿಕೊಂಡ. ನಾನು ನೀರು ಹಿಡಿದು ನಿಂತಿದ್ದೆ, ಮುಂದೆ ಹೋಗುವ ಧೈರ್ಯವಿರಲಿಲ್ಲ.

"ತಾ ಅಕ್ಕಾ, ಕಹಿ ಅದ" ಎಂದ.