ನೀರೊಲೆಯಲ್ಲಿ ಬೆಂದ ಸಿಹಿ ಕಾಳು

ಜನವರಿಯ ಎರಡನೇ ಬುಧವಾರ, ಬೆಳಗಿನ ಐದು ಗಂಟೆ. ಸ್ಥಳ, ಕಡೂರಿನ ನಮ್ಮ ಮನೆಯ ಹಿತ್ತಿಲು. ಹಾಜರಿದ್ದವರು ಮೂವರು: ನಾನು, ಒಳಗೆ ಮಂಚದ ಮೇಲೆ ಎಚ್ಚರವಾಗಿಯೇ ಮಲಗಿದ್ದ ನನ್ನ ಹೆಂಡತಿ, ಅವಳನ್ನು ನೋಡಿಕೊಳ್ಳಲು ಬುಕ್ಕಾಂಬುಧಿಯಿಂದ ಬಂದಿದ್ದ ಅವಳ ತಂಗಿ.

ಸೈನ್ಯದ ಮೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವನು ನಾನು. ಅಲ್ಲಿ ದಿನ ಶುರುವಾಗುವುದೇ ವೇಳೆ ಮತ್ತು ಹಾಜರಿಯಿಂದ. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಐದಕ್ಕೆ ಏಳುವುದು, ಆರಕ್ಕೆ ಕಾಫಿ, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ. ಹೆಂಡತಿಗೆ ಕಾಯಿಲೆಯಾದಾಗ ನಾನು ಮೊದಲು ಮಾಡಿದ ಕೆಲಸವೂ ಅದೇ. ಒಂದು ಹಾಳೆಯಲ್ಲಿ ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಆರಕ್ಕೆ ರಾಗಿ ಅಂಬಲಿ, ಒಂಬತ್ತಕ್ಕೆ ಇಡ್ಲಿ, ಹನ್ನೊಂದಕ್ಕೆ ಮೊಟ್ಟೆ, ಒಂದಕ್ಕೆ ಮೆತ್ತಗಿನ ಅನ್ನ. ಹೀಗೆ ದಿನಕ್ಕೆ ಏಳು ಸಲ. ಏಳು ಸಲವೂ ತಟ್ಟೆ ಇಟ್ಟೆ, ಏಳು ಸಲವೂ ಮುಕ್ಕಾಲು ಪಾಲು ತೆಗೆದು ಚೆಲ್ಲಿದೆ. ಎರಡು ತಿಂಗಳು ಇದೇ ಆಯಿತು. ಚೆಲ್ಲುವುದಕ್ಕೆ ಅಡುಗೆ ಮಾಡುವಾಗ ಬರುವ ಆಯಾಸ ಬೇರೆಯದೇ. ಮುನ್ನೂರು ಜನಕ್ಕೆ ಬಡಿಸಿ ಮಲಗಿದ ದಿನಗಳಲ್ಲೂ ನನಗೆ ಅಷ್ಟು ದಣಿವಾಗಿರಲಿಲ್ಲ.

ದೀಪಾವಳಿಗೆ ಮುಂಚೆ ಅವಳ ಹೊಟ್ಟೆಯ ಆಪರೇಷನ್ ಆಗಿತ್ತು. ಗಡ್ಡೆ ತೆಗೆದರು. ಆಮೇಲೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಮದ್ದು. ಮೂರನೆಯ ಸಲ ಹೋದಾಗ ತೂಕ ಮೂವತ್ತೆಂಟೂವರೆ ಕೆ.ಜಿ.ಗೆ ಇಳಿದಿತ್ತು. ಡಾಕ್ಟರಮ್ಮ ಮದ್ದು ಹಾಕಲಿಲ್ಲ.

"ಹತ್ತು ದಿನ ಬಿಟ್ಟು ಶುಕ್ರವಾರ ಬನ್ನಿ. ತೂಕ ಏರದಿದ್ದರೂ ಪರವಾಗಿಲ್ಲ, ಇನ್ನೂ ಇಳಿಯಬಾರದು. ಇಳಿದರೆ ಈ ಮದ್ದನ್ನೇ ನಿಲ್ಲಿಸಬೇಕಾಗುತ್ತೆ. ಅವರಿಗೆ ಏನು ಇಷ್ಟಾನೋ ಅದನ್ನ ಚೆನ್ನಾಗಿ ಬೇಯಿಸಿ ಕೊಡಿ" ಎಂದರು.

ಮನೆಗೆ ಬಂದ ಮಾರನೆಯ ದಿನ ಅವಳನ್ನು ಕೇಳಿದೆ, ಏನು ಇಷ್ಟ ಎಂದು. ಗೋಡೆ ಕಡೆ ತಿರುಗಿ ಮಲಗಿದ್ದವಳು ಹೇಳಿದಳು: "ಅವತ್ತು ಕ್ವಾರ್ಟರ್ಸಿಗೆ ತಂದಿದ್ರಲ್ಲ, ಸಿಹಿ ಕಾಳು. ಹೊಗೆ ವಾಸ್ನೆ ಇತ್ತಲ್ಲ, ಅದು."

ನನಗೆ ತಕ್ಷಣ ಗೊತ್ತಾಯಿತು. ಮದುವೆಯಾದ ಮೊದಲ ಚಳಿಗಾಲ, ಉತ್ತರದ ಒಂದು ದಂಡಿನ ಊರಿನಲ್ಲಿದ್ದೆವು. ಸಾಹೇಬರ ಮೆಸ್ಸಿನಲ್ಲಿ ಭಾನುವಾರ ಬೆಳಿಗ್ಗೆ ಬೇಕನ್ ಹಾಕಿದ ಬೇಕ್ಡ್ ಬೀನ್ಸ್ ಆಗುತ್ತಿತ್ತು. ಬಿಳಿ ಕಾಳು, ಬೆಲ್ಲ, ಟೊಮೆಟೊ, ಸಾಸಿವೆ, ಬೇಕನ್ ಅಂದರೆ ಉಪ್ಪು ಸವರಿ ಹೊಗೆ ಹಾಕಿದ ಹಂದಿಮಾಂಸ, ಎಲ್ಲವೂ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೂತು ಅಂಟಂಟಾಗಿ ಬೇಯಬೇಕು. ಒಮ್ಮೆ ಮಿಕ್ಕಿದ್ದನ್ನು ಡಬ್ಬಿಯಲ್ಲಿ ಮನೆಗೆ ತಂದೆ. ಅವಳು ಡಬ್ಬಿ ಬಳಿದು ತಿಂದು ಆಮೇಲೆ ಕೇಳಿದಳು, ಇದರಲ್ಲಿ ಏನಿದೆ ಅಂತ. ಹೇಳಿದೆ. ಅವಳ ತವರಿನ ಮನೆದೇವರಿಗೆ ಹಂದಿ ನಿಷಿದ್ಧ. ಕುರಿ ಕೋಳಿ ಆಗುತ್ತದೆ, ಅದು ಆಗುವುದಿಲ್ಲ. ಆ ಚಳಿಯಲ್ಲಿ ತಲೆಗೆ ತಣ್ಣೀರು ಸುರಿದುಕೊಂಡು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ಕೇಳಿದ್ದು, "ಅದನ್ನ ಮತ್ತೆ ಯಾವಾಗ ಮಾಡ್ತಾರೆ?"

ಆ ವಿಷಯ ಊರಿನಲ್ಲಿ ಯಾರಿಗೂ ಹೇಳಬಾರದೆಂದು ಮಾತಾಗಿತ್ತು. ಹೇಳಿರಲಿಲ್ಲ. ಈಗ ಅವಳ ತಂಗಿಗೆ ಹೇಳಲೇಬೇಕಾಯಿತು. ಅವಳು ಅಕ್ಕನ ಮುಖವನ್ನೇ ನೋಡಿ, "ಅಯ್ಯೋ, ನೀನಾ? ನಮ್ಮವ್ವ ಬದುಕಿದ್ದಾಗ ಗೊತ್ತಾಗಿದ್ರೆ ನಿನ್ನ ಹೊಸಿಲು ತುಳಿಸ್ತಿರ್ಲಿಲ್ಲ ಕಣೇ" ಎಂದಳು.

"ಅದಕ್ಕೇ ಹೇಳ್ಲಿಲ್ಲ" ಎಂದಳು ಇವಳು.

ತಂಗಿ ಒಂದೇ ಕರಾರು ಹಾಕಿದಳು. ಮಾಂಸವಾಗಲಿ, ಅದರ ಪಾತ್ರೆಯಾಗಲಿ ಅಡುಗೆಮನೆಯ ಹೊಸಿಲು ದಾಟಬಾರದು. ಏನಿದ್ದರೂ ಹಿತ್ತಿಲಲ್ಲಿ, ಸ್ನಾನದ ನೀರು ಕಾಯಿಸುವ ನೀರೊಲೆಯಲ್ಲಿ. ನಾನು ಒಪ್ಪಿದೆ. ಈ ಊರಲ್ಲಿ ತಿನ್ನುವವರ ಮನೆಗಳಲ್ಲೂ ಇದೇ ಪದ್ಧತಿ. ಆ ಮಡಕೆ ಬೇರೆ, ಅದರ ಜಾಗ ಬೇರೆ.

ಬೇಕನ್ ನಮ್ಮ ಕಡೆ ಸಿಗುವ ಪದಾರ್ಥವಲ್ಲ, ನಾನೇ ಮಾಡಿಕೊಳ್ಳಬೇಕು. ಗುರುವಾರ ಬೆಳಗಿನ ಬಸ್ಸಿಗೆ ತರೀಕೆರೆಗೆ ಹೋಗಿ, ಹೊಟ್ಟೆಯ ಭಾಗದ ಒಂದೂವರೆ ಕೆ.ಜಿ. ಹಂದಿಮಾಂಸ ತಂದೆ. ಕೊಬ್ಬು ಮತ್ತು ಮಾಂಸ ಪದರ ಪದರವಾಗಿರುವ ತುಂಡು ಬೇಕು ಎಂದಾಗ ಅಂಗಡಿಯವನು, "ಯಾವ ಎಸ್ಟೇಟ್ ಸಾಹೇಬ್ರಿಗೆ?" ಎಂದು ಕೇಳಿದ. ಉಪ್ಪು, ಬೆಲ್ಲದ ಪುಡಿ, ಮೆಣಸಿನಪುಡಿ ಸವರಿ, ನಾಲ್ಕು ದಿನ ಐಸ್ ತುಂಬಿದ ಡಬ್ಬದಲ್ಲಿಟ್ಟು, ದಿನಕ್ಕೆರಡು ಸಲ ಐಸ್ ಬದಲಾಯಿಸಿ ತಿರುಗಿಸಿಟ್ಟೆ. ಸೋಮವಾರ ಬೆಳಿಗ್ಗೆ ತೊಳೆದು, ಒರೆಸಿ, ನೀರೊಲೆಯ ಮೇಲೆ ತಂತಿಗೆ ನೇತುಹಾಕಿದೆ. ಸೀಬೆ ಕಟ್ಟಿಗೆ, ತೆಂಗಿನ ಸಿಪ್ಪೆ. ಉರಿ ಬರಬಾರದು, ಹೊಗೆ ಮಾತ್ರ ಏಳಬೇಕು. ಸೋಮವಾರ ಹಗಲು, ಮಂಗಳವಾರ ಹಗಲು. ಮಧ್ಯೆ ಎರಡು ಸಂಜೆಯೂ ನಾನು ಔಷಧಿಗೆಂದು, ರಕ್ತಪರೀಕ್ಷೆಯ ರಿಪೋರ್ಟಿಗೆಂದು ಹೊರಗೆ ಹೋಗಿದ್ದೆ. ಆಗ ಒಲೆಯ ಹತ್ತಿರ ಅವಳ ತಂಗಿಯೇ ಇದ್ದಳು.

ಬುಧವಾರ ಐದು ಗಂಟೆಗೆ ತಂತಿಯಿಂದ ಮಾಂಸ ಇಳಿಸಿ ಮೂಗಿನ ಹತ್ತಿರ ಹಿಡಿದೆ. ಬಣ್ಣ ಸರಿಯಾಗಿತ್ತು, ಕಂದುಗೆಂಪು. ಗಟ್ಟಿಯೂ ಆಗಿತ್ತು. ಆದರೆ ವಾಸನೆ ಶಿವನ ಗುಡಿಯದು.

"ಏನಮ್ಮಾ, ಒಲೆಗೆ ಏನು ಹಾಕಿದೆ?"

ಅವಳು ಅಂಗಳ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಲೇ ಇಲ್ಲ. "ಸಾಂಬ್ರಾಣಿ."

"ಯಾಕೆ?"

"ಯಾಕೆ ಅಂದ್ರೆ? ಸೋಮವಾರ ಸಂಜೆ, ಪಕ್ಕದ ಮನೇಲಿ ಲಿಂಗಪೂಜೆಗೆ ಕೂತವ್ರೆ. ಈ ಹಂದಿ ಕೊಬ್ಬಿನ ಹೊಗೆ ಸೀದಾ ಅವ್ರ ಕಿಟಕಿಗೆ ಹೋಗ್ತೈತೆ. ನಾನೇನ್ ಮಾಡ್ಲಿ ಭಾವ? ಒಂದು ಹಿಡಿ ಹಾಕ್ದೆ. ಮಂಗಳವಾರನೂ ಹಾಕ್ದೆ."

"ಒಂದು ಹಿಡಿಯಾ?"

"ಎರಡು ಇರ್ಬೋದು."

ನನಗೆ ಕೋಪ ಬರಬೇಕಿತ್ತು. ಮೆಸ್ಸಿನಲ್ಲಾಗಿದ್ದರೆ ಗೋಡೆ ನಡುಗುವಂತೆ ಕೂಗುತ್ತಿದ್ದೆ. ಅಂದು ಮಾಂಸವನ್ನು ಕೈಯಲ್ಲಿ ಹಿಡಿದು ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಬರೆಯಲು ಸಂಕೋಚವಾದರೂ ಬರೆಯುತ್ತೇನೆ: ಆ ಕ್ಷಣ ನನಗೆ ಸಮಾಧಾನವೇ ಆಯಿತು. ಇದು ಕೆಟ್ಟಿತು, ಇನ್ನು ಮಾಡಬೇಕಾಗಿಲ್ಲ, ಎತ್ತಿ ಎಸೆದು ಹೋಗಿ ಮಲಗಬಹುದು ಅನ್ನಿಸಿತು. ಯಾವ ವಾಸನೆಗೂ ವಾಂತಿ ಮಾಡುತ್ತಿದ್ದವಳಿಗೆ ಸಾಂಬ್ರಾಣಿಯ ಮಾಂಸ ಕೊಟ್ಟರೆ ಇದ್ದ ತೂಕವೂ ಹೋಗುತ್ತದೆ. ಶುಕ್ರವಾರಕ್ಕೆ ಉಳಿದಿದ್ದು ಎರಡೇ ದಿನ. ಇನ್ನೊಂದು ತುಂಡು ತಂದು ಹದ ಮಾಡಲು ಆರು ದಿನ ಬೇಕು.

ಒಳಗಿಂದ ಹೆಂಡತಿಯ ದನಿ ಬಂತು. "ಕಾಳು ನೆನೆದವಾ?"

ಎರಡು ತಿಂಗಳಲ್ಲಿ ಅವಳು ಊಟದ ಬಗ್ಗೆ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಎದ್ದೆ.

ಚೂರಿ ಮಸೆದು ಮಾಂಸದ ಹೊರಪದರವನ್ನು ಬೆರಳಿನಷ್ಟು ದಪ್ಪಕ್ಕೆ ಕೆತ್ತಿ ತೆಗೆದೆ. ಮಿಕ್ಕಿದ್ದನ್ನು ಸಣ್ಣ ತುಂಡು ಮಾಡಿ, ಒಂದು ಕುದಿ ಕುದಿಸಿ, ಆ ನೀರನ್ನು ಚೆಲ್ಲಿದೆ. ವಾಸನೆ ಅರ್ಧ ಹೋಯಿತು, ಅರ್ಧ ಉಳಿಯಿತು.

ಕಾಳು ಬಿಳಿ ಬೀನ್ಸ್ ಕಾಳು, ರಾತ್ರಿಯೇ ನೆನೆಹಾಕಿದ್ದೆ. ಅವಳ ತಂಗಿ ತನ್ನ ಹೊಲದ್ದನ್ನು ತಂದಿದ್ದಳು, ಜೊತೆಗೆ ಎರಡು ಕ್ಯಾನ್ ಸಿಹಿನೀರನ್ನೂ. ಕಡೂರಿನ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕಾಳು ಇಡೀ ದಿನ ಕುದಿದರೂ ಕಲ್ಲಿನಂತೆ ಉಳಿಯುತ್ತದೆ. ಬುಕ್ಕಾಂಬುಧಿಯ ಕೆರೆಯ ಹಿಂದಿನ ಬಾವಿಯ ನೀರಿನಲ್ಲಿ ಒಂದೂವರೆ ಗಂಟೆಯಲ್ಲಿ ಬೆಣ್ಣೆಯಾಗುತ್ತದೆ. ಕಾಳು ಪೂರ್ತಿ ಮೆತ್ತಗಾಗುವ ತನಕ ಬೆಲ್ಲವನ್ನೂ ಹುಳಿಯನ್ನೂ ತೋರಿಸಬಾರದು. ತೋರಿಸಿದರೆ ಸಿಪ್ಪೆ ಬಿಗಿದುಕೊಳ್ಳುತ್ತದೆ, ಮತ್ತೆ ಬೇಯುವುದಿಲ್ಲ. ಏಳೂವರೆಗೆ ಒಂದು ಕಾಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದೆ. ಮೆತ್ತಗೆ ಹಿಸುಕಿಹೋಯಿತು.

ಎಂಟಕ್ಕೆ ಹಿತ್ತಿಲಲ್ಲಿ ಕಲ್ಲು ಹೂಡಿ, ಮಾಂಸವನ್ನು ಅದರ ಕೊಬ್ಬಿನಲ್ಲೇ ಹುರಿದು, ಈರುಳ್ಳಿ ಹಾಕಿ, ಸೋಸಿದ ಟೊಮೆಟೊ ರಸ, ಒಂದು ಹಿಡಿ ಕಪ್ಪು ಬೆಲ್ಲ, ಸಾಸಿವೆ ಪುಡಿ, ಮೆಣಸು ಸೇರಿಸಿದೆ. ಕಾಳಿನ ಜೊತೆ ಮಣ್ಣಿನ ಮಡಕೆಗೆ ತುಂಬಿ, ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿ, ನೀರೊಲೆಯ ಕೆಂಡದೊಳಗೆ ಕೂರಿಸಿ ಮೇಲೂ ಕೆಂಡ ಹರಡಿದೆ. ಆಗ ಒಂಬತ್ತು. ಒಂದು ಗಂಟೆಗೆ ಬಡಿಸಬಹುದು ಎಂದು ಲೆಕ್ಕ.

ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಯಜಮಾನರು ಕಾಂಪೌಂಡಿನ ಮೇಲಿಂದ ಇಣುಕಿದರು. ಕೊಬ್ಬರಿ ವ್ಯಾಪಾರದವರು, ಮೂವತ್ತು ವರ್ಷದ ನೆರೆ.

"ಏನ್ ಹವಾಲ್ದಾರ್ರೇ, ಸೋಮವಾರದಿಂದ ಧೂಪ ಬಲವಾಗೈತೆ. ಶಾಂತಿಗೀಂತಿ ಮಾಡಿಸ್ತಿದೀರಾ? ನಮ್ಮನೇಲಿ ಕೇಳ್ತಿದ್ರು, ಮಠದಿಂದ ಸ್ವಾಮೇರು ಬಂದವ್ರಾ ಅಂತ."

"ಇಲ್ಲ ಯಜಮಾನ್ರೇ. ಅವಳಿಗೆ ಪಥ್ಯದ ಅಡುಗೆ."

ಅವರು ಒಂದು ಸಲ ಉಸಿರೆಳೆದುಕೊಂಡರು, ಒಲೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಏನಾರ ಮಾಡ್ರಿ. ಆಯಮ್ಮ ಉಂಡ್ರೆ ಸಾಕು" ಎಂದು ತಲೆ ಇಳಿಸಿಕೊಂಡು ಹೋದರು.

ಬಾಗಿಲ ಹತ್ತಿರ ನಿಂತಿದ್ದ ನಾದಿನಿ ಪಿಸುಗುಟ್ಟಿದಳು. "ಗೊತ್ತಾಗೈತೆ ಭಾವ."

"ಗೊತ್ತಾಗಲಿ."

"ಹಂಗಾದ್ರೆ ನನ್ನ ಸಾಂಬ್ರಾಣಿ ದಂಡ."

ಒಂದು ಗಂಟೆಗೆ ಮುಚ್ಚಳ ತೆಗೆದರೆ ರಸ ನೀರಾಗಿಯೇ ಇತ್ತು. ಮಧ್ಯೆ ಅಕ್ಕನಿಗೆ ಮೈ ಒರೆಸಲು ಬಿಸಿನೀರು ತೋಡಿದ ನಾದಿನಿ ಹಂಡೆಗೆ ತಣ್ಣೀರು ತುಂಬುವಾಗ ಒಲೆಗೂ ಚೆಲ್ಲಿದ್ದಳು, ಕೆಂಡ ಆರಿತ್ತು. ನಾನು ಗಡಿಯಾರ ನೋಡಿದೆ. ಎರಡು ತಿಂಗಳಲ್ಲಿ ಮೊದಲ ಸಲ ಒಂದು ಗಂಟೆಯ ತಟ್ಟೆ ತಪ್ಪಿತು. ಗಂಜಿ ಕಾಯಿಸಿ ತರಲೇ ಎಂದು ಒಳಗೆ ಹೆಂಡತಿಯನ್ನು ಕೇಳಿದೆ. ಬೇಡ ಎಂದಳು.

"ಒಂದು ಗಂಟೆ ಆಯ್ತು ಕಣೇ."

"ಆಗ್ಲಿ ಬಿಡಿ."

ನಾದಿನಿ ಹೊರಗೆ ಬಂದು ಹೇಳಿದಳು: "ಭಾವ, ನೀವು ಸೀಟಿ ಊದ್ದಂಗೆ ತಟ್ಟೆ ತಂದಿಟ್ರೆ ಹಸಿವು ಸಾಲಾಗಿ ಬಂದು ನಿಂತ್ಕಳ್ತೈತಾ? ಮೆಸ್ಸಾ ಇದು?"

ಕಟ್ಟಿಗೆ ಒಡೆದು, ಮತ್ತೆ ಕೆಂಡ ಮಾಡಿ, ಮಡಕೆ ಕೂರಿಸಿ, ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತೆ. ಸೊಂಟ ಹಿಡಿದಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು. ಒಂದೆರಡು ಸಲ ಕುಳಿತಲ್ಲೇ ತೂಕಡಿಸಿದೆ. ಶುಕ್ರವಾರ ತೂಕದ ಯಂತ್ರದ ಮೇಲೆ ಅವಳು ನಿಲ್ಲುವುದನ್ನೂ, ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಡುವುದನ್ನೂ ನೆನೆದು ಎಚ್ಚರವಾಗುತ್ತಿತ್ತು.

ನಾಲ್ಕೂ ಕಾಲಿಗೆ ಸರಿಯಾಯಿತು. ರಸ ಕಪ್ಪಗೆ, ಸೌಟಿಗೆ ಅಂಟುವಷ್ಟು ಗಟ್ಟಿಯಾಗಿತ್ತು. ಮೇಲಿನ ಕಾಳುಗಳ ಅಂಚು ಸುಟ್ಟಿತ್ತು. ಹೊಗೆ, ಬೆಲ್ಲ, ಎಲ್ಲೋ ಹಿಂದೆ ಸಾಂಬ್ರಾಣಿ. ಸ್ಟೀಲಿನ ಬಟ್ಟಲಿಗೆ ಹಾಕಿಕೊಂಡು ಅಡುಗೆಮನೆಯನ್ನು ತಪ್ಪಿಸಿ, ಹಿತ್ತಿಲಿಂದ ಸುತ್ತಿ ಮುಂದಿನ ಬಾಗಿಲಿನಿಂದ ಒಳಗೆ ಹೋದೆ.

ತಂಗಿ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು. ಬಟ್ಟಲು ಹತ್ತಿರ ಹಿಡಿದೆ. ಅವಳು ಮೂಸಿದಳು. ಹುಬ್ಬು ಗಂಟಿಕ್ಕಿದಳು. ನಾನು ವಾಂತಿಯ ಬೇಸಿನ್ನಿಗೆ ಕೈ ಚಾಚಿದೆ.

"ಇದ್ಯಾಕೆ ಗುಡಿ ವಾಸ್ನೆ ಬರ್ತೈತೆ?"

"ನಿನ್ನ ತಂಗೀನ ಕೇಳು."

ತಂಗಿ ಹೇಳಿದಳು. ಕಿಟಕಿ, ಲಿಂಗಪೂಜೆ, ಎರಡು ಹಿಡಿ, ಎಲ್ಲ. ಇವಳು ನಗಲು ಶುರು ಮಾಡಿದಳು. ಹೊಲಿಗೆ ಹಾಕಿದ್ದ ಜಾಗ ಎಳೆಯುತ್ತದೆಂದು ಹೊಟ್ಟೆ ಹಿಡಿದುಕೊಂಡು, ದನಿಯಿಲ್ಲದೆ, ಹೆಗಲು ಮಾತ್ರ ಕುಣಿಯುವಂತೆ ನಕ್ಕಳು. "ಥೂ ನಿನ್ನ. ಹಂದಿಗೆ ಧೂಪ ಹಾಕಿದೀಯಲ್ಲೇ. ಇನ್ನೇನು, ಮನೆದೇವ್ರೂ ಒಪ್ಕಂಡಂಗೇ" ಎಂದು ಚಮಚ ತೆಗೆದುಕೊಂಡಳು.

ಒಂದು ಚಮಚ ತಿಂದಳು. ನಿಧಾನವಾಗಿ ಅಗಿದು, ಕಣ್ಣು ಮುಚ್ಚಿ ನುಂಗಿದಳು. ಎರಡು. ಮೂರು. ನಾನು ಎಣಿಸುತ್ತಿದ್ದುದು ಅವಳಿಗೆ ಗೊತ್ತಾಯಿತು.

"ಎಣಿಸ್ಬೇಡಿ. ಆಚೆ ನೋಡಿ."

ಕಿಟಕಿಯ ಕಡೆ ತಿರುಗಿದೆ. ಚಮಚ ಬಟ್ಟಲಿಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಬಹಳ ಹೊತ್ತು ಕೇಳಿತು. ತಿರುಗಿ ನೋಡಿದಾಗ ಬಟ್ಟಲಲ್ಲಿ ಎರಡು ಮಾಂಸದ ತುಂಡು, ಒಂದಿಷ್ಟು ರಸ ಉಳಿದಿತ್ತು. ನಗುವಿಗೆ ಬಾಯಿ ತೆರೆಯಿತೋ, ಹೊತ್ತು ತಪ್ಪಿದ್ದಕ್ಕೆ ಹಸಿವಾಗಿತ್ತೋ, ಹಳೆಯ ರುಚಿಯೋ, ನನಗೆ ತಿಳಿಯದು. ಇಪ್ಪತ್ತಾರು ವರ್ಷ ಬಡಿಸಿದವನಿಗೂ ಇದು ತಿಳಿಯದು.

ಆಮೇಲಿನ ಒಂದು ಗಂಟೆ ನಾನೂ ನಾದಿನಿಯೂ ಮಂಚದ ಪಕ್ಕದಲ್ಲೇ ಕುಳಿತಿದ್ದೆವು. ಬೇಸಿನ್ ಮಂಚದ ಕೆಳಗೆ ಸಿದ್ಧವಾಗಿತ್ತು. ಐದಾಯಿತು, ಐದೂವರೆ ಆಯಿತು. ವಾಂತಿಯಾಗಲಿಲ್ಲ. ಅವಳು ಮಗ್ಗುಲಾಗಿ, ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಬೆಳಿಗ್ಗೆಗೆ ಒಂಚೂರು ಇಡಿ. ಚೆಲ್ಬೇಡಿ."

ನಾಳೆಗೆ ಇಡಬೇಕೆಂದರೆ ಫ್ರಿಡ್ಜ್ ಬೇಕು. ಫ್ರಿಡ್ಜ್ ಇರುವುದು ಅಡುಗೆಮನೆಯಲ್ಲಿ. ಐಸ್ ಡಬ್ಬದ ಐಸ್ ಎಂದೋ ಕರಗಿತ್ತು. ಮಡಕೆಯಲ್ಲಿ ಉಳಿದಿದ್ದನ್ನು ಸ್ಟೀಲ್ ಡಬ್ಬಿಗೆ ಬಳಿದು, ಮುಚ್ಚಿ, ಹಿತ್ತಿಲ ಬಾಗಿಲಲ್ಲಿ ನಿಂತೆ. ಇನ್ನೊಮ್ಮೆ ಬಸ್ ಹತ್ತಲು, ಇನ್ನೊಮ್ಮೆ ಒಲೆ ಹೂಡಲು ನನ್ನಲ್ಲಿ ಶಕ್ತಿ ಇರಲಿಲ್ಲ. ಫ್ರಿಡ್ಜಿನಲ್ಲಿಡಲೇ ಎಂದು ನಾದಿನಿಯನ್ನು ಕೇಳುವ ಶಕ್ತಿಯೂ ಇರಲಿಲ್ಲ.

ನಾದಿನಿ ನನ್ನನ್ನೂ ಡಬ್ಬಿಯನ್ನೂ ನೋಡಿದಳು. ಒಳಗೆ ಹೋಗಿ ಫ್ರಿಡ್ಜಿನ ಬಾಗಿಲು ತೆರೆದಳು. ಹಾಲು, ಮೊಸರು, ದೇವರ ಹೂವು, ಒಂದೊಂದನ್ನೇ ಮೇಲಿನ ಅಂತಸ್ತಿಗೆ ಎತ್ತಿಟ್ಟು, ಕೆಳಗಿನದನ್ನು ಪೂರ್ತಿ ಖಾಲಿ ಮಾಡಿದಳು.

"ತನ್ನಿ ಭಾವ. ಒರೆಸ್ಕಂಡು ತನ್ನಿ, ತಳ ಮಸಿಯಾಗೈತೆ" ಎಂದಳು. ಡಬ್ಬಿಗೆ ಕೈ ಸೋಕಿಸಲಿಲ್ಲ. ನಾನು ಒರೆಸಿ, ಒಳಗೆ ಹೋಗಿ, ಕೆಳಗಿನ ಅಂತಸ್ತಿನಲ್ಲಿಟ್ಟೆ. ಅವಳು ಬಾಗಿಲು ಹಾಕಿದಳು.

ಇನ್ನು ಉಳಿದಿದ್ದು ಮಡಕೆ. ತಳ ಸೀದಿತ್ತು. ಬಿಸಿನೀರು ಹಾಕಿ ನೆನೆಸಿ, ತೆಂಗಿನ ನಾರಿಗೆ ಬೂದಿ ಹಚ್ಚಿ ಉಜ್ಜಿದೆ. ಮೂರು ನೀರು ತೊಳೆದ ಮೇಲೆ ಸ್ವಚ್ಛವಾಯಿತು. ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿದೆ. ಆರೂ ಮುಕ್ಕಾಲು.