ಸುಮಾಳನ್ನು ಕಚ್ಚದ ನಾಯಿ

ಗಿರಿಜಾ, ನನ್ನ ಮಗಳು ಸುಮಾಳನ್ನು ಯಾವ ನಾಯಿಯೂ ಕಚ್ಚಿರಲಿಲ್ಲ. ನಾನು ಸುಳ್ಳು ಹೇಳಿದ್ದೆ. ದಾವಣಗೆರೆಗೆ ಕರೆದುಕೊಂಡು ಹೋಗಿ ಅವಳಿಗೆ ಹಾಕಿಸಿದ್ದು ಎಚ್‌ಪಿವಿ ಲಸಿಕೆ — ಮುಂದೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಾರದಿರಲೆಂದು ಕೊಡುವುದು. ನಿನ್ನ ಚೈತ್ರಳಿಗೆ ಹಾಕಿಸಲೋ ಬೇಡವೋ ಎಂದು ನನ್ನನ್ನು ಕೇಳಿದೆಯಲ್ಲ, ಅದೇ. ನಿನಗೆ ಬೇಡವೆಂದೆ. ಅಷ್ಟರಲ್ಲಿ ನನ್ನ ಮಗಳಿಗೆ ಎರಡೂ ಡೋಸ್ ಮುಗಿದಿದ್ದವು.

ನಾಯಿಯ ಕಥೆ ಕಟ್ಟಿದ್ದು ನಿನ್ನ ತಾಯಿಗೆ, ನನ್ನ ಅತ್ತೆಗೆ, ಹೆದರಿ. ಟಿವಿಯಲ್ಲಿ ಈ ಲಸಿಕೆಯ ಮಾತು ಬಂದಾಗ ಅತ್ತೆ, “ಮದುವೆ ಆಗದ ಹುಡ್ಗಿಗೆ ಇಂಥ ಸೂಜಿ ಯಾಕೆ ಬೇಕು? ಜನ ಏನ್ ತಿಳ್ಕಂತಾರೆ?” ಎಂದಿದ್ದರು. ಹಾಗಾಗಿ ಚನ್ನಗಿರಿಯಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ನಾಯಿಯೊಂದನ್ನು ಹುಟ್ಟಿಸಿದ್ದೆ: ಬೆಳಿಗ್ಗೆ ನಮ್ಮ ಬೀದಿಯಲ್ಲೇ ಕಚ್ಚಿತು, ಅದಕ್ಕೇ ಸೂಜಿ ಹಾಕಿಸಿ ಬಂದೆವು ಎಂದು. ಸುಮಾಳ ಕಾಲಿಗೆ ನಾನೇ ಬ್ಯಾಂಡೇಜ್ ಸುತ್ತಿದೆ. ಅತ್ತೆ ಅವಳಿಗೆ ಬದನೆಕಾಯಿ ಬಿಡಿಸಿ ಪಥ್ಯ ಹಿಡಿಸಿದರು. ಪಕ್ಕದ ಮನೆಯವರು ತಮ್ಮ ಕರಿನಾಯಿಯದೇ ಕೆಲಸ ಇರಬೇಕೆಂದು ಅದನ್ನು ಊರಾಚೆ ಬಿಟ್ಟು ಬಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಎರಡನೆಯ ಡೋಸಿಗೆ ಹೋದಾಗ, ಇನ್ನೊಂದು ಸೂಜಿ ಬಾಕಿ ಇತ್ತು ಎಂದೆ, ಎಲ್ಲರೂ ನಂಬಿದರು. ನಾನೆಷ್ಟು ಜಾಣೆ ಅಂದುಕೊಂಡೆ — ನಾಚಿಕೆಯಾಗುತ್ತದೆ, ಆದರೆ ಹಾಗೇ ಅಂದುಕೊಂಡಿದ್ದೆ.

ಆ ವರ್ಷ ಪಂಚಮಿಗೆ ನೀನು ಜಗಳೂರಿನಿಂದ ತವರಿಗೆ ಬಂದೆ. ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದೆವು, ನಾವಿಬ್ಬರೇ. ಚೈತ್ರಳಿಗೆ ಲಸಿಕೆ ಹಾಕಿಸಿ ಎಂದು ನಿಮ್ಮೂರಿನ ಡಾಕ್ಟರಮ್ಮ ಹೇಳಿದ್ದರಂತೆ.

“ಹಾಕ್ಸಿದ್ರೆ ಮುಂದೆ ಮಕ್ಳಾಗಲ್ಲ ಅಂತಾರಲ್ಲ, ಹೌದೇನ್ರಿ ಅತ್ತಿಗೆ? ಮದುವೆಗೆ ಮೊದ್ಲೇ ಯಾಕೆ ಹಾಕ್ತಾರೆ? ನೀವು ಸುಮಂಗೆ ಹಾಕ್ಸೀರೇನು?”

ನೀನು ಕೇಳಿದ್ದನ್ನೆಲ್ಲ ನಾನೂ ದಾವಣಗೆರೆಯಲ್ಲಿ ಕೇಳಿದ್ದೆ. ಮಕ್ಕಳಾಗುವುದಕ್ಕೆ ಇದರಿಂದ ತೊಂದರೆಯಿಲ್ಲ, ಒಂದೆರಡು ದಿನ ತೋಳು ನೋಯಬಹುದು, ಸಣ್ಣ ಜ್ವರ ಬರಬಹುದು, ಆ ಕಾಯಿಲೆ ತರುವ ವೈರಸ್ಸು ತಗಲುವ ಮೊದಲೇ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಚಿಕ್ಕ ವಯಸ್ಸಿನಲ್ಲಿ ಕೊಡುವುದು, ಹುಡುಗಿಯ ನಡತೆಗೂ ಇದಕ್ಕೂ ಸಂಬಂಧವಿಲ್ಲ — ಎಲ್ಲವೂ ನನಗೆ ಗೊತ್ತಿತ್ತು. ಹೇಳಲು ಎಷ್ಟು ಹೊತ್ತು ಬೇಕಿತ್ತು?

“ಇಲ್ಲಮ್ಮ, ನಾವೇನ್ ಹಾಕ್ಸಿಲ್ಲ. ಇಲ್ಲದ ಉಸಾಬರಿ ಯಾಕೆ, ಸುಮ್ನಿರು,” ಎಂದೆ.

“ನೀವೇ ಹಾಕ್ಸಿಲ್ಲ ಅಂದ್ಮೇಲೆ ನಮಗ್ಯಾಕೆ ಬಿಡ್ರಿ,” ಎಂದು ನೀನು ನಿರಾಳವಾಗಿ ಕೆಳಗಿಳಿದೆ.

ಅತ್ತೆ ಕೇಳಿಸಿಕೊಂಡಾರು ಎಂಬ ಭಯವಿತ್ತು ಎನ್ನಲೇ? ಅವರು ಅಡುಗೆಮನೆಯಲ್ಲಿದ್ದರು, ಕೇಳಿಸುತ್ತಲೇ ಇರಲಿಲ್ಲ. ನಿಜ ಹೇಳಿದರೆ ನಾಯಿಯ ಸುಳ್ಳು ಬಯಲಾಗುತ್ತಿತ್ತು. ಸುಮಾಳ ವಿಷಯ ನಿನ್ನ ಬಾಯಿಂದ ಯಾರ ಕಿವಿಗೋ ಬಿದ್ದು, ನಾಳೆ ಸಂಬಂಧ ನೋಡುವಾಗ — ಹೀಗೆಲ್ಲ ಯೋಚಿಸಿದೆ. ನನ್ನ ಮಗಳ ಹೆಸರು ಉಳಿಯಲೆಂದು ನಿನ್ನ ಮಗಳಿಗೆ ಸಿಗಬೇಕಾದ ರಕ್ಷಣೆ ತಪ್ಪಿಸಿದೆ. ಚೈತ್ರ ನನ್ನ ಮಡಿಲಲ್ಲೇ ಆಡಿ ಬೆಳೆದವಳು. ಅದೂ ಅಡ್ಡ ಬರಲಿಲ್ಲ.

ಆಮೇಲೆ ನಿನಗೇ ಆ ಕಾಯಿಲೆ ಬಂತು. ನಿನ್ನ ಕಾಯಿಲೆಗೆ ನಾನು ಕಾರಣಳಲ್ಲ, ನಮ್ಮ ಕಾಲದಲ್ಲಿ ಆ ಲಸಿಕೆ ನಮ್ಮವರೆಗೆ ಬಂದೇ ಇರಲಿಲ್ಲ. ಆದರೆ ದಾವಣಗೆರೆಯಲ್ಲಿ ನಿನಗೆ ಕರೆಂಟು, ಅದೇ ರೇಡಿಯೇಷನ್, ಕೊಡಿಸುವಾಗ ಹೊರಗೆ ಬೆಂಚಿನ ಮೇಲೆ ಕೂತು, ಚೈತ್ರಳಿಗೂ ಹೀಗಾದರೆ ಎಂದು ಹೆದರಿದ್ದೇನೆ. ನೀನು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, “ಹುಡ್ಗೀರಿಗಾದ್ರೂ ಹಾಕಿಸ್ಬೇಕಿತ್ತು. ನಮ್ಮಿಬ್ರಿಗೂ ಆಗ ತಿಳೀಲಿಲ್ಲ ನೋಡ್ರಿ ಅತ್ತಿಗೆ,” ಎಂದೆ. ನಮ್ಮಿಬ್ಬರಿಗೂ! ಹೂಂ ಎಂದೆ, ಗಿರಿಜಾ. ಅಲ್ಲೂ ಹೂಂ ಎಂದೆ.

ಇವತ್ತು ಬೆಳಿಗ್ಗೆ ಚೈತ್ರ ಕಾಲೇಜಿನಿಂದ ಫೋನ್ ಮಾಡಿದ್ದಳು. ಅವಳ ವಯಸ್ಸಿಗೆ ಈಗ ಮೂರು ಡೋಸ್ ಬೇಕಂತೆ. ತಡವಾದರೂ ಹಾಕಿಸಿಕೊಳ್ಳುವುದು ಒಳ್ಳೆಯದು ಎಂದು ಅಲ್ಲಿಯ ಡಾಕ್ಟರು ಹೇಳಿದ್ದಾರಂತೆ.

“ಅಮ್ಮ ‘ನಿಮ್ಮತ್ತೇನ ಒಂದ್ ಮಾತು ಕೇಳಿ ಹಾಕಿಸ್ಕ’ ಅಂದಾಳೆ. ಏನ್ ಮಾಡ್ಲಿ ಅತ್ತೆ?”

“ಹಾಕಿಸ್ಕ. ತಡ ಮಾಡಬ್ಯಾಡ,” ಎಂದೆ. ಆಮೇಲೆ ಹೇಗೋ ಬಾಯಿಂದ ಬಂತು: “ಸುಮಂಗೆ ಆಗ್ಲೇ ಹಾಕ್ಸೀನಿ ಕಣೆ. ನಿಮ್ಮಮ್ಮ ಕೇಳಾಕೆ ಮೊದ್ಲೇ.”

“ಅಮ್ಮಂಗೆ ಗೊತ್ತೈತಾ?” ಎಂದಳು. ಇಲ್ಲ ಎಂದೆ. ಫೋನ್ ಇಟ್ಟಳು.

ಅವಳು ನಿನಗೆ ಹೇಳುವ ಮೊದಲು ನಾನೇ ಹೇಳಬೇಕೆಂದು ಜಗಳೂರಿನ ಬಸ್ಸು ಹತ್ತಿ, ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೇನೆ. ಕ್ಷಮಿಸು ಎಂದು ಕೇಳಲಿಕ್ಕಲ್ಲ ನಾನು ಬರುತ್ತಿರುವುದು. ಅತ್ತೆಗೂ ಹೇಳಿಯೇ ಹೊರಟಿದ್ದೇನೆ. ಇನ್ನೊಂದೇ ಮಾತು — ಇನ್ನು ಮುಂದೆ ನಿನ್ನ ಮಗಳ ವಿಷಯದಲ್ಲಿ ಏನನ್ನೂ ನನ್ನನ್ನು ಕೇಳಬೇಡ, ಗಿರಿಜಾ.